ಅಜ್ಜಿಯ ಮಾತನ್ನು ತಿದ್ದಿದ ಮೇಲೆ: ಮಕ್ಕಳ ಕಿರುಪುಸ್ತಕ ಪ್ರಕಾಶನದ ಒಂದು ಬೋಧನಾನುಭವ

ತರಗತಿ: 8
ವಿಷಯ: ಪ್ರಥಮ ಭಾಷೆ ಕನ್ನಡ
ಘಟಕ: ಸ್ವತಂತ್ರ ಬರವಣಿಗೆ
ಸ್ಥಳ: ಮೊದಲ ಹಂತ ನಂಜನಗೂಡು, ಎರಡನೇ ಹಂತ ತಿ. ನರಸೀಪುರ

ಹಿನ್ನೆಲೆ

ಬೋಧನಾಭ್ಯಾಸದ ಮೊದಲ ವಾರ ನಂಜನಗೂಡಿನ ಶಾಲೆಯಲ್ಲಿ 'ನಮ್ಮ ಊರು' ಎಂಬ ಪ್ರಬಂಧ ಬರೆಸಿದೆ. ಬಹುಪಾಲು ಮಕ್ಕಳ ಪ್ರಬಂಧ ಒಂದೇ ಅಚ್ಚಿನಲ್ಲಿ ಎರೆದಂತಿತ್ತು: ಕಪಿಲಾ ನದಿ, ಶ್ರೀಕಂಠೇಶ್ವರನ ದೇವಸ್ಥಾನ, ಪಂಚ ಮಹಾರಥೋತ್ಸವ, ರಸಬಾಳೆ. ತಪ್ಪೇನೂ ಇರಲಿಲ್ಲ, ಆದರೆ ಬರೆದ ಮಗು ಯಾವುದು ಎಂದು ಹೇಳುವಂತಿರಲಿಲ್ಲ. ಆ ಪ್ರಬಂಧಗಳಿಗೆ ಓದುಗಳೆಂದರೆ ನಾನೊಬ್ಬಳೇ. ನಾನು ಓದುತ್ತಿದ್ದದ್ದೂ ಕೆಂಪು ಪೆನ್ನು ಹಿಡಿದು. ಬರೆದದ್ದನ್ನು ಬೇರೆ ಯಾರಾದರೂ ಓದುತ್ತಾರೆ ಎಂದಾದರೆ ಮಕ್ಕಳ ಬರವಣಿಗೆ ಬದಲಾದೀತೇ ಎಂಬ ಪ್ರಶ್ನೆಯಿಂದ ಈ ಯೋಜನೆ ಹುಟ್ಟಿತು.

ಎರಡು ಮಾದರಿಗಳು ಎದುರಿಗಿದ್ದವು. ಫ್ರಾನ್ಸಿನ ಹಳ್ಳಿಶಾಲೆಯ ಶಿಕ್ಷಕ ಸೆಲೆಸ್ಟಿನ್ ಫ್ರೆನೆ 1924ರಲ್ಲಿ ತರಗತಿಗೆ ಒಂದು ಸಣ್ಣ ಮುದ್ರಣಯಂತ್ರ ತಂದು, ಮಕ್ಕಳು ಬರೆದದ್ದನ್ನು ಮಕ್ಕಳಿಂದಲೇ ಅಚ್ಚು ಮಾಡಿಸಿ ಬೇರೆ ಶಾಲೆಗಳ ಜೊತೆ ವಿನಿಮಯ ಮಾಡಿಸಿದರು. ನಮ್ಮಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಿಂದ ಅಧ್ಯಾಪಕ ಚಿ. ಶ್ರೀನಿವಾಸರಾಜು ಅವರು ವಿದ್ಯಾರ್ಥಿಗಳ ಕವಿತೆಗಳನ್ನು ಪುಸ್ತಕವಾಗಿ ತಂದರು. ನಮಗೆ ಯಂತ್ರವೂ ಇಲ್ಲ, ಸಂಘವೂ ಇಲ್ಲ. ಕಾಗದ, ಸೂಜಿ, ದಾರ ಮತ್ತು ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿ ಇತ್ತು. ಅಷ್ಟು ಸಾಕಾಯಿತು.

ಮೊದಲ ಹಂತ: ಒಂದು ಹಾಳೆ, ಎಂಟು ಪುಟ

ಎ4 ಹಾಳೆಯನ್ನು ಅಡ್ಡಲಾಗಿಟ್ಟು ಮಡಿಸಿದರೆ ಮೇಲೆ ನಾಲ್ಕು, ಕೆಳಗೆ ನಾಲ್ಕು ಮನೆಗಳಾಗುತ್ತವೆ. ಕೆಳಸಾಲಿನಲ್ಲಿ ಎಡದಿಂದ 8, 1, 2, 3. ಮೇಲ್ಸಾಲಿನಲ್ಲಿ ತಲೆಕೆಳಗಾಗಿ 7, 6, 5, 4 ಎಂದು ಪುಟಸಂಖ್ಯೆ ಹಾಕಬೇಕು. ನಡುಮಡಿಕೆಯಲ್ಲಿ ಮಧ್ಯದ ಎರಡು ಮನೆಗಳಷ್ಟು ಮಾತ್ರ ಕತ್ತರಿಸಿ, ಬರಹ ಹೊರಗೆ ಬರುವಂತೆ ಉದ್ದಕ್ಕೆ ಮಡಿಸಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿದರೆ ಅಂಗೈಯಗಲದ ಪುಸ್ತಕ ಸಿದ್ಧ. ಹೊಲಿಗೆಯೂ ಬೇಡ, ಅಂಟೂ ಬೇಡ. ಮೊದಲ ದಿನ ಹಲವರು ತುದಿಯವರೆಗೂ ಕತ್ತರಿಸಿ ಪುಸ್ತಕವನ್ನು ಎರಡು ಹೋಳು ಮಾಡಿದರು. ಮರುದಿನ ಕತ್ತರಿಸುವ ಗೆರೆಯನ್ನು ಮೊದಲು ಬಣ್ಣದ ಪೆನ್ಸಿಲಿನಲ್ಲಿ ಎಳೆಸಿದೆ, ತೊಂದರೆ ನಿಂತಿತು.

ವಿಷಯ: ಮನೆಯ ಹಿರಿಯರೊಬ್ಬರನ್ನು ಕೇಳಿ ತಿಳಿದ ಒಂದು ಸಂಗತಿ. ಬರಹ ನನ್ನ ಕೈಸೇರಿತು. ನಾನು ತಿದ್ದಿದೆ, ಮಕ್ಕಳು ಚೊಕ್ಕವಾಗಿ ನಕಲು ಮಾಡಿದರು, ಪುಸ್ತಕಗಳು ಸುಂದರವಾಗಿ ಬಂದವು. ಮಾರ್ಗದರ್ಶಕ ಶಿಕ್ಷಕಿಯೂ ಮೆಚ್ಚಿದರು.

ಒಬ್ಬ ಹುಡುಗಿ ಮಾತ್ರ ತನ್ನ ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟುಹೋದಳು. ಅವಳು ಬರೆದದ್ದು ಅಜ್ಜಿಯ ರಸಬಾಳೆ ತೋಟದ ಕಥೆ. ಪನಾಮ ಸೊರಗು ರೋಗ ಬಂದು ನಂಜನಗೂಡಿನ ರಸಬಾಳೆ ಎಷ್ಟು ಕುಗ್ಗಿತೆಂಬುದು ನಮಗೆಲ್ಲ ಗೊತ್ತು. ಅಜ್ಜಿ ಹೇಳಿದ್ದನ್ನು ಅವಳು ಹೀಗೆ ಬರೆದಿದ್ದಳು: "ಗಿಡ ನಿಂತಂಗೇ ಸೊರಗೋಯ್ತು ಕನ ಮಗ. ನೋಡ್ತಾ ನೋಡ್ತಾ ತ್ವಾಟ ಬರಿದಾಗೋಯ್ತು." ನಾನು ಅದನ್ನು "ಗಿಡಗಳು ನಿಂತಲ್ಲಿಯೇ ಸೊರಗಿದವು. ತೋಟವು ಬರಿದಾಯಿತು" ಎಂದು ತಿದ್ದಿದ್ದೆ.

ಯಾಕೆ ಬಿಟ್ಟುಹೋದೆ ಎಂದು ಮರುದಿನ ಕೇಳಿದೆ. "ಅಜ್ಜಿಗೆ ಓದಿ ಹೇಳ್ದೆ ಮಿಸ್. ಇದ್ಯಾರು ಮಾತಾಡಿರದು ಅಂದ್ರು" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಪಾಠಯೋಜನೆಯ 'ಉದ್ದೇಶಗಳು' ಕಾಲಮ್ಮಿನಲ್ಲಿ 'ಮಕ್ಕಳು ತಮ್ಮ ಅನುಭವವನ್ನು ತಮ್ಮ ಮಾತಿನಲ್ಲಿ ಬರೆಯುವರು' ಎಂದು ಬರೆದಿದ್ದವಳು ನಾನೇ. ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ಅವರು ಈ ಸೀಮೆಯ ಆಡುಮಾತಿನಲ್ಲೇ 'ಕುಸುಮಬಾಲೆ' ಬರೆದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪದವಿ ತರಗತಿಯಲ್ಲಿ ಅದರ ಭಾಷೆಯನ್ನು ಹೊಗಳಿ ಉತ್ತರ ಬರೆದ ನಾನು, ಅದೇ ಸೀಮೆಯ ಅಜ್ಜಿಯ ಎರಡು ವಾಕ್ಯಕ್ಕೆ ಕೆಂಪು ಗೆರೆ ಎಳೆದಿದ್ದೆ.

ಎರಡನೇ ಹಂತ: ಹದಿನಾರು ಪುಟ, ಒಂದು ಪ್ರಕಾಶನ

ಎರಡನೇ ಹಂತಕ್ಕೆ ತಿ. ನರಸೀಪುರದ ಶಾಲೆಗೆ ಹೋದಾಗ ನಂಜನಗೂಡಿನ ಪುಸ್ತಕಗಳನ್ನು ಜೊತೆಗೆ ಒಯ್ದೆ. ನಂಜನಗೂಡನ್ನು ಹಾದುಬರುವ ಕಪಿಲೆ ಕಾವೇರಿಯನ್ನು ಸೇರುವುದು ತಿರುಮಕೂಡಲಿನಲ್ಲಿ. ಹಾಗಾಗಿ ಇಲ್ಲಿನ ಮಕ್ಕಳು ಪ್ರಕಾಶನಕ್ಕೆ ಹೊಳೆಯ ಹೆಸರನ್ನೇ ಇಟ್ಟರು. ಈ ಸಲ ಒಂದೇ ಪುಸ್ತಕ, ಮೂವತ್ತು ಪ್ರತಿ. ಕೆಲಸ ಹಂಚಿದ್ದೂ ಅವರೇ: ಸಂಪಾದಕರು, ಕರಡು ಓದುವವರು, ಚಿತ್ರ ಬರೆಯುವವರು, ಹೊಲಿಯುವವರು, ಲೆಕ್ಕ ಬರೆಯುವವರು.

ಪುಟಜೋಡಣೆ: ನಾಲ್ಕು ಹಾಳೆಗಳನ್ನು ಒಂದರೊಳಗೊಂದು ಮಡಿಸಿದರೆ ಹದಿನಾರು ಪುಟ. ಮೊದಲು ಖಾಲಿ ಹಾಳೆಯಲ್ಲಿ ಮಾದರಿ ಪ್ರತಿ ಮಾಡಿ, ಪುಟಸಂಖ್ಯೆ ಬರೆದು, ಬಿಚ್ಚಿ ನೋಡಲು ಹೇಳಿದೆ. ಹೊರಹಾಳೆಯ ಒಂದು ಬದಿಯಲ್ಲಿ 16 ಮತ್ತು 1, ಇನ್ನೊಂದರಲ್ಲಿ 2 ಮತ್ತು 15. ಒಳಹಾಳೆಯಲ್ಲಿ 10 ಮತ್ತು 7, 8 ಮತ್ತು 9. ಯಾವ ಬದಿ ನೋಡಿದರೂ ಮೊತ್ತ 17 ಎಂದು ಕಂಡುಹಿಡಿದದ್ದು ಹಿಂದಿನ ಬೆಂಚಿನ ಹುಡುಗ. ಹನ್ನೆರಡು ಪುಟವಾದರೆ ಎಷ್ಟು ಎಂದೆ. ಹದಿಮೂರು ಎಂದು ತರಗತಿಯೇ ಹೇಳಿತು.

ಹೊಲಿಗೆ: ನಡುಮಡಿಕೆಯಲ್ಲಿ ಮೂರು ರಂಧ್ರ. ಸೂಜಿ ಒಳಗಿನಿಂದ ನಡುರಂಧ್ರದಲ್ಲಿ ಹೊರಗೆ, ಮೇಲಿನ ರಂಧ್ರದಲ್ಲಿ ಒಳಗೆ. ಒಳಬದಿಯಲ್ಲಿ ನಡುವನ್ನು ದಾಟಿ ಕೆಳರಂಧ್ರದಲ್ಲಿ ಹೊರಗೆ, ಮತ್ತೆ ನಡುರಂಧ್ರದಲ್ಲಿ ಒಳಗೆ. ಉದ್ದ ಎಳೆಯ ಎರಡು ಪಕ್ಕದಲ್ಲಿ ದಾರದ ತುದಿಗಳನ್ನಿಟ್ಟು ಗಂಟು ಹಾಕಬೇಕು. ಮನೆಯಲ್ಲಿ ಹೂ ಕಟ್ಟುವ ಮಕ್ಕಳು ಇದನ್ನು ನನಗಿಂತ ಬೇಗ ಕಲಿತರು.

ಲೆಕ್ಕ: ಜೆರಾಕ್ಸ್ 240 ಬದಿ, ಬದಿಗೆ 1 ರೂಪಾಯಿಯಂತೆ 240, ರಕ್ಷಾಪುಟದ ಕಂದು ಕಾಗದ 45, ಸೂಜಿ, ದಾರ 25. ಒಟ್ಟು 310 ರೂಪಾಯಿ. ಪ್ರತಿಗೆ ಹತ್ತೂಚಿಲ್ಲರೆ ಬೀಳುತ್ತದೆಂದು ಬೆಲೆ 12 ಇಟ್ಟರು. ಆದರೆ 9 ಪ್ರತಿ ಗ್ರಂಥಾಲಯಕ್ಕೆ ಮತ್ತು ನಂಜನಗೂಡಿಗೆ ಉಚಿತವಾಗಿ ಹೋದವು. ಮಾರಿದ್ದು 21, ಬಂದದ್ದು 252, ನಷ್ಟ 58. ಮುಂದಿನ ಪುಸ್ತಕಕ್ಕೆ ಬೆಲೆ 15 ಇರಬೇಕೆಂದು ಲೆಕ್ಕದ ತಂಡವೇ ವರದಿ ಕೊಟ್ಟಿತು.

ತಿದ್ದುವುದು ಯಾರು?

ಈ ಹಂತದಲ್ಲಿ ಕೆಂಪು ಪೆನ್ನು ತರಲಿಲ್ಲ. ಅಜ್ಜಿಯ ಎರಡು ರೂಪಗಳನ್ನೂ ಕರಿಹಲಗೆಯ ಮೇಲೆ ಬರೆದು ಯಾವುದು ಸರಿ ಎಂದು ಕೇಳಿದೆ. 'ಎರಡನೆಯದು ಸರಿ, ಮೊದಲನೆಯದು ಚೆನ್ನಾಗಿದೆ' ಎಂದು ಬಹಳ ಮಕ್ಕಳು ಹೇಳಿದರು. ಅಲ್ಲಿಂದ ಚರ್ಚೆ ಬೆಳೆಯಿತು. ಹಾಗಾದರೆ ಬರೆದದ್ದೆಲ್ಲ ಸರಿಯೇ? 'ಹಕ್ಕಿ ಹಾರಿತು' ಎನ್ನಬೇಕಾದ ಕಡೆ 'ಅಕ್ಕಿ ಆರಿತು' ಎಂದು ಬರೆದರೆ ಓದುವವನ ಕಣ್ಣಮುಂದೆ ಏನು ಬರುತ್ತದೆ? ನಗು ಮುಗಿದ ಮೇಲೆ ಮೂರು ನಿಯಮ ಗೊತ್ತಾದವು.

1. ಒಬ್ಬರು ಆಡಿದ ಮಾತು ಉದ್ಧರಣ ಚಿಹ್ನೆಯೊಳಗಿದ್ದರೆ ಆಡಿದಂತೆಯೇ ಇರಬೇಕು.
2. ಬರೆಯುವವರ ಸ್ವಂತ ನಿರೂಪಣೆಯಲ್ಲಿ ಅರ್ಥ ಕೆಡಿಸುವ ಕಾಗುಣಿತ ತಪ್ಪನ್ನು ತಿದ್ದಬೇಕು.
3. ಕರಡು ಓದುವವರು ಪೆನ್ಸಿಲಿನಲ್ಲಿ ಗುರುತು ಹಾಕಬಹುದು. ಒಪ್ಪುವುದು, ಬಿಡುವುದು ಬರೆದವರ ಹಕ್ಕು.

ಸಂಗಮದಲ್ಲಿ ಹರಿಗೋಲು ಹಾಕುವ ತಂದೆಯ ಬಗ್ಗೆ ಬರೆದ ಹುಡುಗ, ತಂದೆಯ ಮಾತಿನಲ್ಲಿ 'ಒಳೆ' ಎಂದು ಉಳಿಸಿಕೊಂಡು, ತನ್ನ ನಿರೂಪಣೆಯಲ್ಲಿ 'ಹೊಳೆ' ಎಂದು ತಾನೇ ತಿದ್ದಿದ. ಅದೇ ಪುಟದಲ್ಲಿ ಎರಡೂ ರೂಪಗಳಿವೆ. ಎರಡು ಭಾಷಾರೂಪಗಳ ವ್ಯತ್ಯಾಸವನ್ನು ನಾನು ಪಾಠ ಮಾಡಿ ಹೇಳಿದ್ದರೆ ಇಷ್ಟು ಖಚಿತವಾಗಿ ಬರುತ್ತಿರಲಿಲ್ಲ.

ಮೌಲ್ಯಮಾಪನ ಮತ್ತು ಮಿತಿಗಳು

ನಂಜನಗೂಡಿನಿಂದ ಪತ್ರಗಳು ಬಂದವು. ಹೆಚ್ಚಿನವು 'ಚೆನ್ನಾಗಿದೆ' ಎಂಬ ಒಂದು ಸಾಲಿನವು. ಒಂದರಲ್ಲಿ ಮಾತ್ರ, 'ನಮ್ಮನೇಲೂ ಇಂಗೇ ಅಂತಾರೆ. ಬರೀಬೋದು ಅಂತ ಗೊತ್ತಿರಲಿಲ್ಲ' ಎಂದಿತ್ತು. ತಿ. ನರಸೀಪುರದ ಮಕ್ಕಳು ಬಹಳ ಹೊತ್ತು ಅದನ್ನು ಕೈಯಿಂದ ಕೈಗೆ ದಾಟಿಸಿದರು.

ಮಿತಿಗಳೂ ಇವೆ. ಇಡೀ ಪುಸ್ತಕಕ್ಕೆ ಎಂಟು ಅವಧಿ ಬೇಕಾಯಿತು. ಪಠ್ಯ ಮುಗಿಸುವ ಒತ್ತಡದಲ್ಲಿ ಎಲ್ಲರಿಗೂ ಇದು ಸಿಗಲಾರದು. ಅಕ್ಷರ ದುಂಡಗಿದ್ದವರಿಗೇ ಪ್ರತಿ ಬರೆಯುವ ಕೆಲಸ ಹೋಯಿತು. ನಿಧಾನವಾಗಿ ಬರೆಯುವವರು ಹೊಲಿಗೆಗೆ ಸರಿದರು. ಅದನ್ನು ನಾನು ತಡವಾಗಿ ಗಮನಿಸಿದೆ. ಪರೀಕ್ಷೆಯಲ್ಲಿ 'ತ್ವಾಟ' ಎಂದು ಬರೆದರೆ ಅಂಕ ಹೋಗುತ್ತದೆ ಎಂಬುದನ್ನೂ ಮಕ್ಕಳಿಗೆ ಮುಚ್ಚಿಡದೆ ಹೇಳಿದೆ. ಎಲ್ಲಿ ಯಾವ ಮಾತು ಎಂಬ ವಿವೇಚನೆ ಅವರಿಗೆ ಬರಬೇಕು. ಅದಕ್ಕೆ ಎರಡೂ ಅವರ ಕೈಯಲ್ಲಿರಬೇಕು.

ಇದನ್ನು ಮಾಡಬಯಸುವ ಸಹಪಾಠಿಗಳಿಗೆ ಒಂದೇ ಸಲಹೆ: ಎಂಟು ಪುಟದ ಪುಸ್ತಕದಿಂದ ಪ್ರಾರಂಭಿಸಿ, ಮತ್ತು ತಿದ್ದುವ ನಿಯಮವನ್ನು ಮೊದಲ ದಿನವೇ ಮಕ್ಕಳ ಜೊತೆ ಕೂತು ಮಾಡಿ. ನಾನು ಅದನ್ನು ಕೊನೆಗೆ ಮಾಡಿದೆ.

ಕೋರ್ಸ್ ಮುಗಿಯುವ ಮುನ್ನ ನಂಜನಗೂಡಿನ ಶಾಲೆಗೆ ಮತ್ತೊಮ್ಮೆ ಹೋದೆ. ಮೇಜಿನ ಮೇಲೆ ಉಳಿದಿದ್ದ ಆ ಪುಸ್ತಕವನ್ನು ಹುಡುಗಿಗೆ ಕೊಟ್ಟು, ತಪ್ಪು ನನ್ನದೆಂದು ಹೇಳಿ, ಒಂದು ಬಿಳಿ ಚೀಟಿ ಮತ್ತು ಅಂಟು ಕೊಟ್ಟೆ. ನಾನು ತಿದ್ದಿದ ಎರಡು ವಾಕ್ಯಗಳ ಮೇಲೆ ಚೀಟಿ ಅಂಟಿಸಿ ಅಜ್ಜಿಯ ಮಾತನ್ನು ಮತ್ತೆ ಬರೆದಳು. ಈ ಸಲ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.