ಕೆಳಗಿನ ನಂಬರ್

2021ರ ಏಪ್ರಿಲ್ 21. ನಾಸಿಕದ ಜಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಟ್ಯಾಂಕ್ ಸೋರಿ, ಒತ್ತಡ ಇಳಿದು, ಅವತ್ತೇ 22 ರೋಗಿಗಳು ಹೋಗಿಬಿಟ್ಟರು. ಅದೇ ಊರಿನ ಸಾತಪುರದಲ್ಲಿ ನಾನು ಕೋವಿಡ್ ಜ್ವರ ಹೊದ್ದು ಒಂದು ಕೋಣೆಯಲ್ಲಿ ಒಬ್ಬನೇ ಕೂತಿದ್ದೆ. ಮೊಬೈಲಿನಲ್ಲಿ ಸುದ್ದಿ ನೋಡಿದವನೇ ಆಕ್ಸಿಮೀಟರಿಗೆ ಬೆರಳು ಕೊಟ್ಟೆ. 97. ಹತ್ತು ನಿಮಿಷ ಬಿಟ್ಟು ಮತ್ತೆ, 96. ಆಮೇಲೆ 89!

ಅಕ್ಕನಿಗೆ ಫೋನ್ ಹಚ್ಚಿದೆ. ನಿವೃತ್ತ ನರ್ಸ್ ಆಕೆ. ಮನೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಆಗಿನ್ನೂ ಔರಂಗಾಬಾದ್.

"ಬೆರಳು ತಣ್ಣಗಾಗ್ಯಾವೇನೋ?"

ಮುಟ್ಟಿ ನೋಡಿಕೊಂಡೆ. ಮಂಜುಗಡ್ಡೆ.

"ಕೈ ತಿಕ್ಕಿ ಬೆಚ್ಚಗ ಮಾಡ್ಕೊ. ಐದು ನಿಮಿಷ ಸುಮ್ನ ಕೂತು ಮತ್ತ ಹಚ್ಚು. ಕೆಳಗಿನ ನಂಬರನೂ ಓದು."

ಮೇಲೆ 97. ಕೆಳಗೆ 118, ಅದು ನಾಡಿ. ದಿನಕ್ಕೆ ಇಪ್ಪತ್ತು ಸಲ ನೋಡಿದರೂ ಆ ಅಂಕಿಯತ್ತ ಕಣ್ಣು ಹಾಯಿಸಿರಲಿಲ್ಲ. ಹೆದರಿದಾಗ ಚರ್ಮದ ರಕ್ತನಾಳ ಬಿಗಿದು ಬೆರಳಿಗೆ ರಕ್ತ ಕಮ್ಮಿಯಾಗುತ್ತದೆ, ತಣ್ಣನೆ ಬೆರಳಲ್ಲಿ ಯಂತ್ರ ತಪ್ಪು ಓದಬಹುದು.

"ನಾಡಿ ಜ್ವರಕ್ಕೂ ಏರತದ, ಅಂಜಿಕಿಗೂ ಏರತದ. ಅಂಜಿಕಿ ಆಗೇದೇನು?"

"ಇಲ್ಲ" ಎಂದೆ. ಸುಳ್ಳು ಹೇಳಲಿಲ್ಲ, ನನಗೇ ಗೊತ್ತಿರಲಿಲ್ಲ.

ಅಕ್ಕನಿಗೆ ತನ್ನದು ಗೊತ್ತಿರುತ್ತಿತ್ತು. 2020ರ ಮೇ 8ರಂದು ಅವರ ಜಿಲ್ಲೆಯ ಕರ್ಮಾಡ್ ಹತ್ತಿರ, ಲಾಕ್‌ಡೌನಿನಲ್ಲಿ ಊರಿಗೆಂದು ನಡೆದು ದಣಿದು ಹಳಿಯ ಮೇಲೆ ಮಲಗಿದ್ದ 16 ಕೂಲಿಗಳ ಮೇಲೆ ಗೂಡ್ಸ್ ರೈಲು ಹರಿಯಿತು. ಹಳಿಯ ಮೇಲೆ ಚೆಲ್ಲಿದ್ದ ರೊಟ್ಟಿಗಳ ಫೋಟೊ ನೀವೂ ನೋಡಿರುತ್ತೀರಿ. "ರೊಟ್ಟಿ ತಟ್ಟಾಕ ಕೂತ್ರ ಗಂಟಲು ಬಿಗೀತದ" ಎಂದು ಆಕೆ ಆಗಲೇ ಹೇಳಿದ್ದಳು. ನಾನು, ಹೆಂಗಸರ ಮಾತು ಎಂದುಕೊಂಡಿದ್ದೆ. ನಾಚಿಕೆಯಾಗುತ್ತದೆ ಈಗ.

ಒಡಲೊಳಗಿನ ಸುದ್ದಿ ಗ್ರಹಿಸುವ ಈ ಶಕ್ತಿಗೆ ವಿಜ್ಞಾನದವರು ಇಂಟರೊಸೆಪ್ಶನ್ ಎನ್ನುತ್ತಾರೆ. ಕರುಳು ಚುರುಕ್ಕೆನ್ನುವುದು, ಹೊಟ್ಟೆ ತೊಳಸುವುದು, ಎದೆ ಭಾರವಾಗುವುದು: ಮಾತೆಲ್ಲ ನಮ್ಮ ಬಾಯಲ್ಲೇ ಇದ್ದವು, ಬಳಸುತ್ತ ಬಳಸುತ್ತ ಸವೆದು ಬರೀ ಮಾತಾಗಿದ್ದವು.

ಅಕ್ಕ ಹೇಳಿಕೊಟ್ಟದ್ದು ಇಷ್ಟೇ. ಎಲ್ಲಿ ಬಿಗಿದಿದೆ ಎಂದು ಮೊದಲು ಹುಡುಕು, ಅಲ್ಲಿ ಕೈಯಿಟ್ಟು ಹೆಸರು ಹೇಳು: ಅಂಜಿಕೆಯೋ, ಸಿಟ್ಟೋ, ದುಃಖವೋ. ಆಮೇಲೆ ಒಳಗೆಳೆದದ್ದಕ್ಕಿಂತ ನಿಧಾನವಾಗಿ ಉಸಿರು ಬಿಡು. ನಾನು ಎದೆಗೂಡಿನ ಕೆಳಗೆ ಕೈಯಿಟ್ಟು "ಸಾಯ್ತೀನಿ ಅಂತ ಅಂಜಿಕಿ" ಎಂದು ಗೋಡೆಗೆ ಹೇಳಿದೆ. ಅಳು ಬಂತು. ಸ್ವಲ್ಪ ಹೊತ್ತಿಗೆ ನಾಡಿ 96ಕ್ಕೆ ಇಳಿದಿತ್ತು. ಜ್ವರ ಇಳಿಯಲು ಮತ್ತೆ ನಾಲ್ಕು ದಿನ ಬೇಕಾಯಿತು. ಉಸಿರಾಟದಿಂದ ಸೋಂಕು ವಾಸಿಯಾಗುತ್ತದೆ ಎನ್ನುವವರನ್ನು ನಂಬಬೇಡಿ.

ಮನೆಯಲ್ಲಿ ಆಕ್ಸಿಮೀಟರ್ ಇದ್ದರೆ ಬೆರಳು ಬೆಚ್ಚಗೆ ಮಾಡಿಕೊಂಡು ಹಚ್ಚಿ. ಆಗಲೂ 94ಕ್ಕಿಂತ ಕೆಳಗೆ ತೋರಿಸಿದರೆ ಅಂಜಿಕೆಯೋ ಅಲ್ಲವೋ ಎಂದು ಯೋಚಿಸುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.