ಮಾಗಿಯ ಚಳಿಯಲ್ಲಿ ಹೊಸ ಸವಾರರು

ಚಳಿಗಾಲದಲ್ಲಿ ಮೋಟಾರು ಸೈಕಲ್ಲನ್ನು ನಡೆಸುವ ಬಗೆಯನ್ನು ಕುರಿತು ಶೀತದೇಶಗಳಲ್ಲಿ ಹುಟ್ಟಿದ ಉಪದೇಶಗಳು ಬಹುಮಟ್ಟಿಗೆ ಹಿಮವನ್ನೂ ಹೆಪ್ಪುಗಟ್ಟಿದ ರಸ್ತೆಯನ್ನೂ ಕುರಿತವಾದುದರಿಂದ, ಚಳ್ಳಕೆರೆ ಮೊಳಕಾಲ್ಮೂರು ತಾಲ್ಲೂಕುಗಳ ಬಯಲಿನಲ್ಲಿ, ದೊಡ್ಡಉಳ್ಳಾರ್ತಿಯಂತಹ ಊರಿನಿಂದ ನಸುಕಿನಲ್ಲೇ ಪೇಟೆಗೆ ಹೊರಡುವ ಯುವಕನಿಗಾಗಲಿ ಯುವತಿಗಾಗಲಿ ಅವು ಅಷ್ಟಾಗಿ ಒದಗಿಬರುವುದಿಲ್ಲ. ನಮ್ಮಲ್ಲಿ ಹಿಮ ಬೀಳದು. ಆದರೆ ಕಾರ್ತಿಕ ಕಳೆದಂದಿನಿಂದ ಸಂಕ್ರಾಂತಿ ದಾಟುವವರೆಗೆ ರಾಗಿ, ಹುರುಳಿ, ತೊಗರಿಗಳು ಒಂದರ ಹಿಂದೊಂದು ಹೊಲದಿಂದ ಬಂದು ಡಾಂಬರಿನ ಮೇಲೆ ಹರಡಿಕೊಳ್ಳುತ್ತವೆ. ಇಬ್ಬನಿಯೂ ಮಂಜೂ ಅವುಗಳ ಜೊತೆಗೂಡುತ್ತವೆ. ಹೊಸ ಸವಾರರು ಅಂಜಬೇಕಾದುದು ಈ ಕೂಟಕ್ಕೆ.

ಕಲಿಕಾ ಪರವಾನಗಿಯನ್ನು ಪಡೆದು, ಕನಿಷ್ಠ 30 ದಿನಗಳ ಅವಧಿಯನ್ನು ಕಳೆದು, ಅಧಿಕಾರಿಗಳ ಮುಂದೆ ಹಾಡುಹಗಲಿನಲ್ಲಿ ಎಂಟರ ಆಕಾರದಲ್ಲಿ ಗಾಡಿಯನ್ನು ತಿರುಗಿಸಿ ತೋರಿಸಿ ಡಿ.ಎಲ್. ಪಡೆದವರು, ಅರೆಗತ್ತಲೆಯಲ್ಲಿ, ಜೋಮು ಹಿಡಿದ ಬೆರಳುಗಳಿಂದ, ಎದುರು ಬರುವ ಲಾರಿಯ ಬೆಳಕಿಗೆ ಕಣ್ಣು ಕೋರೈಸುತ್ತಿರುವಾಗ ಬ್ರೇಕು ಹಿಡಿಯುವ ವಿದ್ಯೆಯನ್ನು ಇನ್ನೂ ಪರೀಕ್ಷೆಗೆ ಒಡ್ಡಿರುವುದಿಲ್ಲ. ಆದುದರಿಂದ ಮೊದಲನೆಯ ಚಳಿಗಾಲದಲ್ಲಿ ಮೊದಲು ಮಾಡತಕ್ಕ ಕೆಲಸವು ಹೊರಡುವ ಹೊತ್ತನ್ನು ಆರಿಸಿಕೊಳ್ಳುವುದು. ಜನವರಿಯಲ್ಲಿ ನಮ್ಮ ಸೀಮೆಗೆ ಸೂರ್ಯೋದಯವಾಗುವುದು ಏಳು ಗಂಟೆಗೆ ಕೆಲವೇ ನಿಮಿಷಗಳ ಮುನ್ನ. ಮೋಡವಿಲ್ಲದ ಆಕಾಶಕ್ಕೆ ನೆಲವು ಇರುಳೆಲ್ಲ ತನ್ನ ಕಾವನ್ನು ಬಿಟ್ಟುಕೊಡುವುದರಿಂದ ಅತಿ ಹೆಚ್ಚಿನ ಚಳಿಯೂ ಅತಿ ಹೆಚ್ಚಿನ ಇಬ್ಬನಿಯೂ ಕೂಡುವುದು ಆ ಹೊತ್ತಿಗೇ. ಬಿಸಿಲು ಸ್ವಲ್ಪ ಏರಿದರೆ ರಸ್ತೆ ಒಣಗುತ್ತದೆ, ಮಂಜು ಕರಗುತ್ತದೆ. ಅರ್ಧ ಗಂಟೆ ತಡೆದು ಹೊರಡಬಲ್ಲವರು ತಡೆದೇ ಹೊರಡಲಿ. ಕಾಲೇಜಿಗೋ ಎಣ್ಣೆಮಿಲ್ಲಿನ ಪಾಳಿಗೋ ಹೊತ್ತಿಗೆ ಸರಿಯಾಗಿ ಮುಟ್ಟಲೇಬೇಕಾದವರು ಆ ಅರ್ಧ ಗಂಟೆಯನ್ನು ಮುಂಚಿತವಾಗಿ ಎದ್ದು ಸಂಪಾದಿಸಿ, ದಾರಿಯಲ್ಲಿ ನಿಧಾನಕ್ಕೆ ವೆಚ್ಚಮಾಡಲಿ.

ಹೊರಡುವ ಮುನ್ನ

ಚಕ್ರದ ಗಾಳಿಯನ್ನು ಟಯರು ತಣ್ಣಗಿರುವಾಗಲೇ ನೋಡಿಸತಕ್ಕದ್ದು. ಉಷ್ಣಾಂಶವು ಸುಮಾರು ಆರು ಡಿಗ್ರಿ ಇಳಿದರೆ ಗಾಳಿಯ ಒತ್ತಡವು ಒಂದು ಪಿ.ಎಸ್.ಐ.ನಷ್ಟು ಕುಗ್ಗುವುದರಿಂದ, ಸೆಪ್ಟೆಂಬರಿನಲ್ಲಿ ಹಾಕಿಸಿದ ಗಾಳಿ ಡಿಸೆಂಬರಿಗೆ ಸಾಲದು. ಎಷ್ಟಿರಬೇಕೆಂಬುದು ಗಾಡಿಯ ಮೇಲಣ ಚೀಟಿಯಲ್ಲೋ ಕೈಪಿಡಿಯಲ್ಲೋ ಅಚ್ಚಾಗಿರುತ್ತದೆ. ಟಯರಿನ ಗೀರುಗಳ ನಡುವೆ ಸವೆತವನ್ನು ತೋರಿಸಲೆಂದೇ ಇಟ್ಟಿರುವ ಚಿಕ್ಕ ದಿಣ್ಣೆಗಳು ಮೇಲ್ಮೈಗೆ ಸಮನಾಗಿದ್ದರೆ ಟಯರನ್ನು ಬದಲಾಯಿಸದೆ ಅನ್ಯ ಮಾರ್ಗವಿಲ್ಲ. ಹೆಡ್‌ಲೈಟಿನ ಗಾಜನ್ನೂ ಹಿಂಬದಿಯ ಕೆಂಪು ದೀಪವನ್ನೂ ಒದ್ದೆ ಬಟ್ಟೆಯಿಂದ ಒರೆಸಿರಿ. ನಮ್ಮ ಧೂಳು ಒಂದೇ ದಿನದಲ್ಲಿ ದೀಪವನ್ನು ಮಂಕುಮಾಡಬಲ್ಲುದು. ಚೋಕು ಇರುವ ಹಳೆಯ ಗಾಡಿಯಾದರೆ ಅದನ್ನೆಳೆದು ಚಾಲೂ ಮಾಡಿ ಇಂಜಿನು ಸಮನಾಗಿ ನುಡಿಯುವವರೆಗೆ ಕಾದು, ಚೋಕನ್ನು ಮರಳಿ ಒಳಕ್ಕೆ ಒತ್ತಿ ಹೊರಡುವುದು ಲೇಸು. 2020ರ ಏಪ್ರಿಲಿನಿಂದೀಚೆಗಿನ ಬಿ.ಎಸ್. 6 ಗಾಡಿಗಳಿಗೆ ಈ ಉಪಚಾರವು ಸಾಮಾನ್ಯವಾಗಿ ಬೇಕಾಗದು. ಆದರೂ ಮೊದಲ ಒಂದೆರಡು ಮೈಲಿಗಳಲ್ಲಿ ಟಯರಿಗೆ ಕಾವು ಬಂದಿರುವುದಿಲ್ಲವೆಂಬುದನ್ನು ನೆನೆದು, ತಿರುವುಗಳಲ್ಲಿ ಗಾಡಿಯನ್ನು ಓಲಿಸದೆ ನಡೆಸಬೇಕು.

ಉಡುಪಿನ ವಿಷಯದಲ್ಲಿ ನಮ್ಮವರ ಅಭ್ಯಾಸಗಳು ಕೆಲವು ನಿಜವಾಗಿಯೂ ಕಳವಳಕಾರಿಯಾದವು. ಈ ಸೀಮೆಯ ಕಂಬಳಿಗೆ ಸಮನಾದ ಹೊದಿಕೆ ಬೇರೊಂದಿಲ್ಲವೆಂಬುದು ದಿಟ. ಆದರೆ ಅದನ್ನು ಹೊದ್ದು ಗಾಡಿ ಏರುವುದು, ಮಫ್ಲರಿನ ತುದಿಯನ್ನು ಗಾಳಿಗೆ ಬಿಡುವುದು, ಹಿಂದೆ ಕುಳಿತ ತಾಯಿಯೋ ಅಕ್ಕನೋ ಸೆರಗನ್ನು ಇಳಿಬಿಟ್ಟುಕೊಳ್ಳುವುದು, ಇವೆಲ್ಲ ಕ್ಷಣಮಾತ್ರದಲ್ಲಿ ಚಕ್ರಕ್ಕೋ ಚೈನಿಗೋ ಸುತ್ತಿಕೊಂಡು ಪ್ರಾಣಾಂತಿಕವಾಗಬಲ್ಲವು. ಮೈಗೆ ಅಂಟಿದಂತಹ ಜರ್ಕಿನು, ಬೆರಳುಗಳನ್ನು ಮುಚ್ಚಿಯೂ ಲಿವರಿನ ಸ್ಪರ್ಶವನ್ನು ಕೆಡಿಸದ ಕೈಗವಸು, ಹಿಮ್ಮಡಿಯನ್ನು ಮುಚ್ಚುವ ಪಾದರಕ್ಷೆ, ಇಷ್ಟು ಸಾಕು. ಜರ್ಕಿನು ತೆಳುವಾಗಿದ್ದರೆ ಹಳೆಯ ದಿನಪತ್ರಿಕೆಯ ನಾಲ್ಕಾರು ಹಾಳೆಗಳನ್ನು ಎದೆಯ ಮೇಲೆ ಹರಡಿ ಗುಂಡಿ ಹಾಕಿಕೊಂಡರೆ ಗಾಳಿಯನ್ನು ಆಶ್ಚರ್ಯವಾಗುವಷ್ಟು ತಡೆಯುತ್ತವೆ.

ಹೆಲ್ಮೆಟ್ಟಿನ ಒಳಗೆ ದಪ್ಪನಾದ ಮಂಕಿ ಕ್ಯಾಪನ್ನು ಧರಿಸುವವರು, ಅದರಿಂದ ಹೆಲ್ಮೆಟ್ಟು ತಲೆಗೆ ಸರಿಯಾಗಿ ಕೂರುವುದಿಲ್ಲವೆಂಬುದನ್ನೂ, ಹಿಂದಿನಿಂದ ಬರುವ ಹಾರನ್ನಿನ ಸದ್ದು ಕುಂದುವುದೆಂಬುದನ್ನೂ ಬಲ್ಲವರಾದರೆ ತೆಳುವಾದ ಬಟ್ಟೆಯನ್ನೇ ಬಳಸಿಯಾರು. ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನು ನಡೆಸುವವರೂ ಹಿಂದೆ ಕೂರುವವರೂ ಧರಿಸಿ ಪಟ್ಟಿಯನ್ನು ಬಿಗಿಯಬೇಕೆಂಬುದು 1988ರ ಮೋಟಾರು ವಾಹನ ಕಾಯಿದೆಯ 129ನೆಯ ಪ್ರಕರಣದ ವಿಧಿ. ಉಸಿರಿಗೆ ವೈಸರ್ ಮಸುಕಾಗುತ್ತಿದ್ದರೆ, ಅದರ ಒಳಮೈಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ಸವರಿ ಒಣಬಟ್ಟೆಯಿಂದ ಒರೆಸಿ, ಓಡಿಸುವಾಗ ಒಂದು ಗೆರೆಯಷ್ಟು ತೆರೆದಿಟ್ಟುಕೊಳ್ಳಬೇಕು.

ಒಕ್ಕಣೆಯ ರಸ್ತೆ

ನಾನು ಅತ್ಯಂತ ಒತ್ತಿ ಹೇಳಬಯಸುವುದು ಇದನ್ನು. ಹುರುಳಿಯ ಬಳ್ಳಿಯನ್ನು ಕಿತ್ತು ತಂದು ರಸ್ತೆಯ ಅಗಲಕ್ಕೂ ಹಾಸಿ, ಹೋಗಿಬರುವ ಬಸ್ಸು ಲಾರಿಗಳ ಚಕ್ರಗಳಿಂದಲೇ ಕಾಳನ್ನು ಬಿಡಿಸಿಕೊಳ್ಳುವ ಪದ್ಧತಿಯು ಕಣಗಳು ಮಾಯವಾದ ಊರುಗಳಲ್ಲೆಲ್ಲ ರೂಢಿಯಾಗಿದೆ. ಬೆಳಗಿನ ಹೊತ್ತು ಬಾಗಿ ನೋಡಿದರೆ, ಮೇಲಣ ಪದರವು ಇಬ್ಬನಿಯಿಂದ ನೆನೆದು ಮೆತ್ತಗಾಗಿರುತ್ತದೆ. ಕೆಳಗೆ ಡಾಂಬರಿಗೂ ಬಳ್ಳಿಗೂ ನಡುವೆ ಉದುರಿದ ಕಾಳುಗಳು ಚಕ್ರಕ್ಕೆ ಬೇರಿಂಗಿನ ಗುಂಡುಗಳಂತೆ ಉರುಳುತ್ತವೆ. ನಾಲ್ಕು ಚಕ್ರದ ವಾಹನವು ಇದನ್ನು ಹೇಗೋ ದಾಟುತ್ತದೆ. ಎರಡು ಚಕ್ರದ ಗಾಡಿಗೆ ಮುಂದಿನ ಚಕ್ರವು ಜಾರಿದರೆ ಚೇತರಿಸಿಕೊಳ್ಳಲು ಅವಕಾಶವೇ ಇಲ್ಲ.

ಒಕ್ಕಣೆ ಕಂಡಕೂಡಲೆ, ಅದರ ಮೇಲೆ ಏರುವುದಕ್ಕೆ ಸಾಕಷ್ಟು ಮುಂಚೆಯೇ, ಬರಿಯ ರಸ್ತೆಯ ಮೇಲಿರುವಾಗಲೇ ಎರಡು ಬ್ರೇಕುಗಳನ್ನೂ ಮೆಲ್ಲನೆ ಹಿಡಿದು ವೇಗವನ್ನು ಇಳಿಸಿ, ಎರಡನೆಯ ಗೇರಿಗೆ ಬನ್ನಿರಿ. ಬಳ್ಳಿಯ ಮೇಲೆ ಬಂದ ಮೇಲೆ ಮುಂದಿನ ಬ್ರೇಕನ್ನು ಮುಟ್ಟಬೇಡಿರಿ, ಆಕ್ಸಿಲರೇಟರನ್ನು ತಟಕ್ಕನೆ ತಿರುವಬೇಡಿರಿ, ಹ್ಯಾಂಡಲ್ಲನ್ನು ಹೊರಳಿಸಬೇಡಿರಿ. ಬಸ್ಸಿನ ಚಕ್ರ ಹಾದು ಪದರ ತೆಳ್ಳಗಾಗಿರುವ ಜಾಡನ್ನೇ ಹಿಡಿದು, ದೃಷ್ಟಿಯನ್ನು ದೂರಕ್ಕಿಟ್ಟು, ಗಾಡಿಯನ್ನು ನೆಟ್ಟಗೆ ಸಾಗಗೊಡಿರಿ. ತೀರ ದಪ್ಪನಾಗಿ ಹಾಸಿದ್ದರೆ ಇಳಿದು ತಳ್ಳಿಕೊಂಡು ದಾಟುವುದರಲ್ಲಿ ಯಾವ ಅವಮಾನವೂ ಇಲ್ಲ. ದಾಟಿದ ಮೇಲೆ ನಿಲ್ಲಿಸಿ ಚೈನಿಗೂ ಸೈಲೆನ್ಸರಿಗೂ ಸುತ್ತಿಕೊಂಡ ಬಳ್ಳಿಯನ್ನು, ಇಂಜಿನನ್ನು ಆರಿಸಿ, ಕಡ್ಡಿಯಿಂದ ಬಿಡಿಸತಕ್ಕದ್ದು. ಕಾದ ಸೈಲೆನ್ಸರಿಗೆ ಸಿಕ್ಕಿದ ಒಣಬಳ್ಳಿಗೆ ಬೆಂಕಿ ಹತ್ತುವುದೂ ಉಂಟು.

ಸಂಜೆ ಕಾಳನ್ನು ಗುಡ್ಡೆಹಾಕಿ, ವಾಹನಗಳು ಹರಿಯದಿರಲೆಂದು ಸುತ್ತಲೂ ಕಲ್ಲಿಟ್ಟು ಮನೆಗೆ ಹೋಗುವ ರೈತ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಕತ್ತಲಲ್ಲಿ ಆ ಕಲ್ಲುಗಳು ಕಾಣುವುದಿಲ್ಲ. ಅವುಗಳಿಗೆ ಡಿಕ್ಕಿ ಹೊಡೆಯುವವನು ನಿಮ್ಮ ಪಕ್ಕದ ಮನೆಯ ಹುಡುಗನೇ ಆಗಿರಬಹುದು. ಕಲ್ಲನ್ನು ತೆಗೆಯಿರಿ, ಕಾಳನ್ನು ಅಂಚಿನಾಚೆಗೆ ಸರಿಸಿರಿ.

ಮಂಜು, ಇರುಳು, ಜಾನುವಾರು

ಕೆರೆಯ ಏರಿಯ ಕೆಳಗೆ, ಹಳ್ಳದ ತಗ್ಗಿನಲ್ಲಿ, ಪರಶುರಾಂಪುರದ ಕಡೆಗೆ ವೇದಾವತಿಯ ದಡದಲ್ಲಿ ಮಂಜು ನಿಂತಿರಬಹುದು. ತೆರೆದ ಬಯಲಿನಲ್ಲಿ ಸ್ಪಷ್ಟವಾಗಿದ್ದ ದಾರಿ ತಗ್ಗಿಗೆ ಇಳಿದೊಡನೆ ಅಳಿಸಿಹೋಗುತ್ತದೆ. ಆಗ ದೊಡ್ಡ ದೀಪವನ್ನು ಹಾಕಿದರೆ ಮಂಜಿನ ಹನಿಗಳು ಬೆಳಕನ್ನು ನಮ್ಮ ಕಣ್ಣಿಗೇ ಹಿಂದಿರುಗಿಸುವುದರಿಂದ ಕಾಣುವುದು ಇನ್ನೂ ಕಡಿಮೆಯಾಗುವುದು. ಡಿಪ್ಪಿನಲ್ಲೇ ಇರಿ, ಎಡದ ಅಂಚನ್ನು ನೋಡುತ್ತ ಸಾಗಿರಿ. ಎದುರು ದೀಪ ಕಣ್ಣು ಕುಕ್ಕಿದಾಗಲೂ ಇದೇ ಉಪಾಯ.

ವೇಗದ ಲೆಕ್ಕವನ್ನು ಒಮ್ಮೆ ಮನಸ್ಸಿಟ್ಟು ಮಾಡಿ ನೋಡಿರಿ. ಗಂಟೆಗೆ 40 ಕಿಲೋಮೀಟರಿನಲ್ಲಿ ಗಾಡಿಯು ಸೆಕೆಂಡಿಗೆ ಸುಮಾರು 11 ಮೀಟರು, 60ರಲ್ಲಿ ಸುಮಾರು 17 ಮೀಟರು ಚಲಿಸುತ್ತದೆ. ಅಪಾಯವನ್ನು ಕಂಡು ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಕಳೆಯುವುದೆಂದು ಇಟ್ಟುಕೊಂಡು, ಒಣರಸ್ತೆಯಲ್ಲಿ ಹೊಸಬರು ಮಿತವಾಗಿ ಬ್ರೇಕು ಹಾಕಿದರೆ, 40ರಲ್ಲಿ ನಿಲ್ಲಲು 23 ಮೀಟರಿನಷ್ಟೂ 60ರಲ್ಲಿ 45 ಮೀಟರಿನಷ್ಟೂ ಬೇಕು. ಡಿಪ್ಪಿನ ದೀಪವು ಚೆನ್ನಾಗಿ ತೋರಿಸುವುದಾದರೋ ಸಾಧಾರಣವಾಗಿ ಮೂವತ್ತು ನಲವತ್ತು ಮೀಟರುಗಳನ್ನು. ಅಂದಮೇಲೆ, ಶೇಂಗಾ ಹೊಟ್ಟನ್ನು ತುಂಬಿ ಹಿಂದೀಪವಿಲ್ಲದೆ ನಿಂತಿರುವ ಟ್ರ್ಯಾಕ್ಟರಿನ ಟ್ರೇಲರನ್ನು ಇರುಳಿನಲ್ಲಿ 60ರ ವೇಗದಲ್ಲಿ ಕಂಡವರಿಗೆ, ಕಂಡಾಗಲೇ ತಡವಾಗಿರುತ್ತದೆ. ಹೊಸಬರಿಗೆ ಕತ್ತಲಲ್ಲಿ 40ನ್ನು ಮೀರುವ ಅಗತ್ಯವೇ ಇಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಬಳ್ಳಾರಿಗೂ ಹಿರಿಯೂರಿಗೂ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಗೆ ಹಳ್ಳಿಯ ರಸ್ತೆಯಿಂದ ಸೇರುವಾಗ ಪೂರ್ಣವಾಗಿ ನಿಂತು ನೋಡಿಯೇ ಮುಂದುವರಿಯಬೇಕು. ಕೆಳಗಿಳಿದ ಸೂರ್ಯನು ಲಾರಿಯವನ ಕಣ್ಣಿಗೆ ಎದುರಾಗಿದ್ದರೆ ಅವನಿಗೆ ನೀವು ಕಾಣುತ್ತಿರಲಾರಿರಿ. ಕುರಿಯ ಮಂದೆಯೋ, ಕಿಲಾರಿಗಳು ಹೊಡೆದುಕೊಂಡು ಬರುವ ದೇವರ ಎತ್ತುಗಳೋ ಅಡ್ಡಬಂದಾಗ ಹಾರನ್ನು ಬಾರಿಸದೆ ನಿಂತುಬಿಡಿರಿ. ಬೆದರಿದ ಮಂದೆಯು ಯಾವ ಕಡೆಗೆ ಚದರುವುದೆಂದು ಕಾಯುವವನಿಗೂ ತಿಳಿಯದು.

ಯಾರಾದರೂ ಬಿದ್ದುದನ್ನು ಕಂಡರೆ, ಮೊದಲು ನಿಮ್ಮ ಗಾಡಿಯ ಇಂಡಿಕೇಟರನ್ನು ಉರಿಸಿ ಹಿಂಬರುವ ವಾಹನಗಳಿಗೆ ಸನ್ನೆಮಾಡಿ, 108ಕ್ಕೆ ಕರೆ ಮಾಡಿರಿ. ಊರಿನ ಹೆಸರನ್ನೂ ಹತ್ತಿರದ ಮೈಲಿಗಲ್ಲಿನ ಸಂಖ್ಯೆಯನ್ನೂ ಹೇಳಿರಿ. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಬಿದ್ದವರ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು, ಕುತ್ತಿಗೆಯನ್ನು ಅಲುಗಿಸಬಾರದು, ಬಾಯಿಗೆ ನೀರು ಬಿಡಬಾರದು. ಪೊಲೀಸು ಕೋರ್ಟುಗಳ ಭಯದಿಂದ ಹಿಂಜರಿಯುವ ಕಾರಣವೂ ಈಗ ಉಳಿದಿಲ್ಲ. 2019ರ ತಿದ್ದುಪಡಿಯು ಮೋಟಾರು ವಾಹನ ಕಾಯಿದೆಗೆ ಸೇರಿಸಿದ 134ಎ ಪ್ರಕರಣವು ಸದ್ಭಾವದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ; ಅದರಡಿಯ ನಿಯಮಗಳು ತಮ್ಮ ಹೆಸರನ್ನು ಹೇಳಲೇಬೇಕೆಂಬ ಬಲವಂತದಿಂದಲೂ ಅವರನ್ನು ಬಿಡಿಸಿವೆ.