ಕಷ್ಟಕಾಲಕ್ಕೆ ಒದಗುವ ಬೊಂತೆ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯಲ್ಲಿ ರಾಗಿ ಕೊಯ್ಲಿನ ಹೊತ್ತಿಗೆ ಚಳಿ ಆರಂಭವಾಗುತ್ತದೆ. ಗಟ್ಟಿಮುಟ್ಟಾದವರು ಒಂದು ಕಂಬಳಿ ಹೊದ್ದು ಕಣದಲ್ಲೇ ರಾತ್ರಿ ಕಳೆದುಬಿಡುತ್ತಾರೆ. ಆದರೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ವೃದ್ಧರಿಗೆ, ಬಾಣಂತಿಗೆ, ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಕಂಬಳಿ ಚುಚ್ಚುತ್ತದೆ. ಒದ್ದೆಯಾದರೆ ಬೇಗ ಒಣಗುವುದೂ ಇಲ್ಲ. ಇಂಥವರಿಗೆ ಒಗೆದೊಗೆದು ಮೆತ್ತಗಾದ ಹತ್ತಿಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಬೊಂತೆಯಷ್ಟು ಹಿತವಾದ ಹೊದಿಕೆ ಇನ್ನೊಂದಿಲ್ಲ.

ಹಳೇ ಮೈಸೂರು ಕಡೆಯ ಈ ಬೊಂತೆಯನ್ನೇ ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಜನರಲ್ಲಿ ಅದು ಕವಂದಿ. ಬಂಗಾಳದಲ್ಲಿ ಕಾಂಥಾ. ಹೆಸರು ಬೇರೆಯಾದರೂ ಹಳೆಯ ಬಟ್ಟೆ, ಸೂಜಿ, ದಾರ, ಬಿಡುವಿನ ವೇಳೆ ಇಷ್ಟೇ ಇದಕ್ಕೆ ಬೇಕಾದ ಬಂಡವಾಳ.

ಕಷ್ಟದಲ್ಲಿರುವ ಮನೆಗೆ ಬೊಂತೆಯನ್ನೇ ಏಕೆ ಕೊಡಬೇಕು ಎಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಹಳ್ಳಿಗಳಲ್ಲಿ ಮದುವೆ ಮುಂಜಿಗಳಿಗೆ ಕೊಟ್ಟಿದ್ದಕ್ಕೆ ಮುಯ್ಯಿಯ ಲೆಕ್ಕವಿರುತ್ತದೆ; ಪಡೆದವರು ಮುಂದೆ ಅಷ್ಟನ್ನಾದರೂ ಹಿಂತಿರುಗಿಸಬೇಕು. ಬೆಳೆ ಕೈಕೊಟ್ಟು ಸಾಲದಲ್ಲಿರುವ ಮನೆಗೆ ಅಥವಾ ದುಡಿಯುವ ಕೈಯನ್ನೇ ಕಳೆದುಕೊಂಡ ಮನೆಗೆ ಅಂಗಡಿಯಿಂದ ಕೊಂಡ ಬೆಲೆಬಾಳುವ ಹೊದಿಕೆ ಹೋದರೆ ಅದೂ ಒಂದು ಋಣವಾಗಿ ಕಾಣಬಹುದು. ನಾಲ್ಕು ಮನೆಯ ಹಳೆಯ ಸೀರೆಗಳಿಂದಾದ ಬೊಂತೆಯನ್ನು ಯಾರೂ ಮುಯ್ಯಿ ಪುಸ್ತಕದಲ್ಲಿ ಬರೆದಿಡುವುದಿಲ್ಲ.

ಆದರೆ ಕೊಡುವವರು ಹಲವು ವೇಳೆ ತಪ್ಪುವುದು ಇಲ್ಲಿಯೇ. ಬೊಂತೆ ನೋಡಲು ದಪ್ಪವಾಗಿ, ಬಣ್ಣಬಣ್ಣವಾಗಿ ಇರಬೇಕೆಂದು ಹತ್ತು ಪದರ ಹಾಕಿ ಹೊಲಿಯುತ್ತಾರೆ. ಹೊದೆಯುವವರ ಮೈಗೂ ಅದನ್ನು ಒಗೆಯುವವರ ತೋಳಿಗೂ ತಕ್ಕಂತೆ ಬೊಂತೆ ಇರಬೇಕೇ ಹೊರತು ಕೊಡುವವರ ಹೆಚ್ಚುಗಾರಿಕೆಗೆ ತಕ್ಕಂತೆ ಅಲ್ಲ.

ತೂಕದ ಲೆಕ್ಕ

ಐದೂವರೆ ಮೀಟರಿನ ಸಾಧಾರಣ ಹತ್ತಿ ಸೀರೆ ಸುಮಾರು ಅರ್ಧ ಕಿಲೋ ತೂಗುತ್ತದೆ. 5 ಅಡಿ ಅಗಲ, 7 ಅಡಿ ಉದ್ದದ ಬೊಂತೆಗೆ ಇಂಥ ಒಂದು ಸೀರೆಯಿಂದ ಹೆಚ್ಚುಕಡಿಮೆ ಎರಡು ಪದರ ಬರಬೇಕು. ಸವೆದ ಭಾಗವನ್ನು ಕತ್ತರಿಸಿ ತೆಗೆದರೆ ಒಂದೂವರೆ ಪದರ ಸಿಗುತ್ತದೆ. ಮೂರು ಸೀರೆ ಸೇರಿದರೆ ನಾಲ್ಕು ಪದರದ, ಒಂದೂಕಾಲು ಕಿಲೋ ಆಸುಪಾಸಿನ ಬೊಂತೆಯಾಗುತ್ತದೆ. ರೋಗಿಗೆ ಇಷ್ಟು ಸಾಕು. ಚಳಿ ಹೆಚ್ಚಾದರೆ ಇಂಥದೇ ಇನ್ನೊಂದನ್ನು ಮೇಲೆ ಹೊದಿಸಬಹುದು. ಒಂದೇ ದಪ್ಪ ಬೊಂತೆಗಿಂತ ಎರಡು ತೆಳು ಬೊಂತೆಗಳು ಎಂದಿಗೂ ಮೇಲು. ಒಂದು ಒಣಗುತ್ತಿರುವಾಗ ಮತ್ತೊಂದು ಮೈಮೇಲಿರುತ್ತದೆ.

ಹತ್ತಿ ಬಟ್ಟೆ ನೆನೆದಾಗ ತನ್ನ ತೂಕದ ಎರಡು ಮೂರು ಪಟ್ಟು ಭಾರವಾಗುವುದುಂಟು. ಮೂರು ಕಿಲೋ ಬೊಂತೆಯನ್ನು ನೀರಿನಿಂದ ಎತ್ತುವಾಗ ಏಳೆಂಟು ಕಿಲೋ ಇರುತ್ತದೆ. ಅದನ್ನು ಒಬ್ಬರೇ ಹಿಂಡಲಾಗದು. ಹಾಸಿಗೆಯಲ್ಲೇ ಮಲಮೂತ್ರವಾಗುವ ರೋಗಿಯ ಮನೆಯಲ್ಲಿ ವಾರಕ್ಕೆ ಎರಡು ಮೂರು ಸಲ ಒಗೆಯಬೇಕಾಗುತ್ತದೆ. ಒಗೆಯುವ ಕೆಲಸ ಸಾಮಾನ್ಯವಾಗಿ ಮನೆಯ ಒಬ್ಬಳೇ ಹೆಂಗಸಿನ ಪಾಲು. ಹಸು ಕರೆದು, ಹೊಲಕ್ಕೆ ಹೋಗಿ ಬಂದು, ರೋಗಿಯನ್ನು ಶುಚಿ ಮಾಡುವ ಆಕೆಗೆ ಭಾರದ ಬೊಂತೆ ಉಪಕಾರವಲ್ಲ, ಇನ್ನೊಂದು ಹೊರೆ. ಒಗೆಯಲಾಗದ ಬೊಂತೆ ಕೊನೆಗೆ ಮೂಲೆ ಸೇರುತ್ತದೆ.

ಬಟ್ಟೆಯ ಆಯ್ಕೆ

ಹೊಸ ಬಟ್ಟೆಯ ಗಂಜಿ ಚರ್ಮಕ್ಕೆ ಒರಟು. ಹಳೆಯ ಬಟ್ಟೆಯೇ ಒಳ್ಳೆಯದು, ಆದರೆ ಅದು ಹತ್ತಿಯೇ ಆಗಿರಬೇಕು. ಈಗಿನ ಸೀರೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಅಥವಾ ಬೆರಕೆ ನೂಲಿನವು. ಅನುಮಾನವಿದ್ದರೆ ಅಂಚಿನಿಂದ ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಬಯಲಿನಲ್ಲಿ ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಹೀಗೆ ಕರಗುವ ಬಟ್ಟೆ ಬೆವರು ಹೀರದು. ಬಾಣಂತಿಯ ಕೋಣೆಯಲ್ಲಿ ಕೆಂಡದ ಬಳಿ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. (ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಡುವುದೇ ಅಪಾಯ, ಅದರ ವಿಷಾನಿಲಕ್ಕೆ ವಾಸನೆ ಇರುವುದಿಲ್ಲ.)

ಔಷಧಿ ಸಿಂಪಡಿಸುವಾಗ ತೊಟ್ಟ ಅಂಗಿ, ಪಂಚೆಗಳನ್ನು ಎಷ್ಟೇ ಒಗೆದಿದ್ದರೂ ಬೊಂತೆಗೆ ಬಳಸಕೂಡದು. ರಸಗೊಬ್ಬರದ ಅಥವಾ ಕೀಟನಾಶಕದ ಚೀಲವನ್ನು ಒಳಪದರವಾಗಿ ಇಡುವುದಂತೂ ಬೇಡವೇ ಬೇಡ. ರೇಷ್ಮೆ ಸಾಕುವ ಮನೆಗಳಲ್ಲಿ ತೂತಾದ ಗೂಡು, ಗೂಡಿನ ಮೇಲಿನ ಸಡಿಲ ನೂಲನ್ನು ಒಳಗೆ ತುಂಬುವ ಆಸೆಯಾಗಬಹುದು. ಬೇಯಿಸಿ ಅಂಟು ತೆಗೆಯದ ಅಂಥ ನೂಲು ಗಟ್ಟಿಯಾಗಿ ಕುಳಿತುಕೊಳ್ಳುತ್ತದೆ. ಗೂಡಿನೊಳಗೆ ಸತ್ತ ಕೋಶ ಉಳಿದಿದ್ದರೆ ದುರ್ವಾಸನೆಯ ಜೊತೆಗೆ ಗೂಡು ತಿನ್ನುವ ಡರ್ಮೆಸ್ಟಿಡ್ ಜೀರುಂಡೆಯೂ ಮನೆ ಹೊಕ್ಕುತ್ತದೆ.

ಸಂಗ್ರಹಿಸಿದ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಜಾಲಿಸಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ಇದರಿಂದ ಕಜ್ಜಿಯ ನುಸಿ, ಹೇನು, ತಿಗಣೆ ಸಾಯುತ್ತವೆ. ಬಣ್ಣ ಬಿಡುವ ಬಟ್ಟೆ ಯಾವುದೆಂಬುದೂ ಈಗಲೇ ಗೊತ್ತಾಗುತ್ತದೆ.

ಹೊಲಿಗೆ

ಶುಚಿಯಾದ ಜಗುಲಿಯ ಮೇಲೆ ಅಡಿಯ ಬಟ್ಟೆಯನ್ನು ಸುಕ್ಕಿಲ್ಲದಂತೆ ಹರಡಬೇಕು. ತೇಪೆ ಹಾಕಿದ, ತುಂಡು ಜೋಡಿಸಿದ ಪದರಗಳೆಲ್ಲ ನಡುವೆ ಇರಲಿ. ಮೈಗೆ ತಾಗುವ ಪದರ ಮಾತ್ರ ಒಂದೇ ಹಾಳೆಯಾಗಿದ್ದು, ಗಂಟು, ಜರಿ, ಗುಂಡಿ ಯಾವುದೂ ಇರಬಾರದು. ಅಂಗೈ ಅಗಲಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕಿಕೊಂಡರೆ ಪದರಗಳು ಜಾರುವುದಿಲ್ಲ. ಆಮೇಲೆ ಅಂಚನ್ನು ಒಳಕ್ಕೆ ಮಡಿಚಿ, ಜೋಡಿ ದಾರದಿಂದ ಸಾದಾ ಓಟದ ಹೊಲಿಗೆ ಹಾಕುತ್ತ ಹೋಗಬೇಕು. ದಬ್ಬಣ ಬೇಡ, ಅದರ ತೂತಿನಿಂದ ಹಳೆಯ ಬಟ್ಟೆ ಹರಿಯುತ್ತದೆ.

ಸಾಲುಗಳ ನಡುವೆ ಒಂದು ಅಂಗುಲ ಅಂತರವಿಟ್ಟರೆ ಐದಡಿ ಅಗಲಕ್ಕೆ 60 ಸಾಲು, ಒಟ್ಟು 420 ಅಡಿ ಹೊಲಿಗೆ. ಎರಡು ಅಂಗುಲಕ್ಕೆ ಒಂದು ಸಾಲಾದರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಪದರದ ಬೊಂತೆಗೆ ಎರಡು ಅಂಗುಲದ ಅಂತರ ಸಾಕು. ಸ್ತ್ರೀಶಕ್ತಿ ಸಂಘದ ನಾಲ್ವರು ಸದಸ್ಯರು ಸುತ್ತ ಕುಳಿತರೆ ತಲೆಗೆ ಐವತ್ತು ಅಡಿ ಚಿಲ್ಲರೆ ಮಾತ್ರ ಬರುತ್ತದೆ.

ಸಿದ್ದಿ ಹೆಂಗಸರ ಪದ್ಧತಿ ಕೊಂಚ ಬೇರೆ. ಅವರು ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ, ಹೋದಂತೆಲ್ಲ ತೇಪೆಗಳನ್ನು ಸೇರಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಚಿ ಮಾಡಿದ ಹೂವನ್ನು ಹೊಲಿಯುತ್ತಾರೆ. ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ. ಮೂಲೆಯ ಹೂವು ಮೈಗೆ ಒತ್ತುವುದಿಲ್ಲವಾದ್ದರಿಂದ ರೋಗಿಯ ಬೊಂತೆಗೂ ಅದನ್ನು ಧಾರಾಳವಾಗಿ ಹಾಕಬಹುದು. ಅಂದ ಬೇಡವೆಂದು ಯಾರೂ ಹೇಳುವುದಿಲ್ಲ.

ನೆರೆ ಬಂದಾಗ, ಗುಡಿಸಲಿಗೆ ಬೆಂಕಿ ಬಿದ್ದಾಗ ಹೊಲಿಯುತ್ತ ಕೂರಲು ಸಮಯವಿರುವುದಿಲ್ಲ. ಆಗ ಪದರಗಳ ಮೂಲಕ ದಾರ ತೂರಿಸಿ, ನಾಲ್ಕೈದು ಅಂಗುಲಕ್ಕೊಂದು ಗಂಟು ಹಾಕಿ, ಅಂಚನ್ನು ಯಂತ್ರದಲ್ಲಿ ಹೊಲಿದರೆ ಸಾಕು. ಅಮೆರಿಕ, ಕೆನಡಾಗಳ ಮೆನೊನೈಟ್ ಪಂಗಡದವರು 1920ರಲ್ಲಿ ಸ್ಥಾಪಿಸಿದ ಪರಿಹಾರ ಸಂಸ್ಥೆ ನಿರಾಶ್ರಿತರಿಗೆ ಕಳಿಸುವ ಹೊದಿಕೆಗಳನ್ನು ಹೀಗೆ ಗಂಟು ಹಾಕಿಯೇ ತಯಾರಿಸುತ್ತಾರೆ. ಆದರೆ ಹಾಸಿಗೆ ಹಿಡಿದವರ ಬೊಂತೆಗೆ ಗಂಟು ಕೂಡದು. ಗಂಟು ಬೆನ್ನಿಗೆ, ಸೊಂಟದ ಮೂಳೆಗೆ, ಹಿಮ್ಮಡಿಗೆ ಒತ್ತಿದಲ್ಲಿ ಹುಣ್ಣಾಗಬಹುದು. ಬೊಂತೆ ಎಷ್ಟೇ ಮೆತ್ತಗಿದ್ದರೂ ಹಾಸಿಗೆ ಹುಣ್ಣನ್ನು ತಾನಾಗಿ ತಡೆಯಲಾರದು. ರೋಗಿಯ ಮಗ್ಗುಲನ್ನು ಎರಡು ಗಂಟೆಗೊಮ್ಮೆಯಾದರೂ ಬದಲಿಸುತ್ತಿರಬೇಕು. ಚರ್ಮ ಕೆಂಪಾಗಿ ಹಾಗೆಯೇ ಉಳಿದರೆ ಆರೋಗ್ಯ ಕಾರ್ಯಕರ್ತೆಗೆ ಕೂಡಲೇ ತೋರಿಸಬೇಕು.

ಎಳೆ ಮಗುವಿಗೆ ಬೊಂತೆ ಹೊಲಿಯುವವರು ಅಡಿಗೆ ಹಾಸಲು ತೆಳ್ಳಗೆ, ಬಿಗಿಯಾಗಿ ಹೊಲಿಯಲಿ. ವರ್ಷ ತುಂಬದ ಮಗು ಮಲಗಿರುವಾಗ ಸಡಿಲ ಬೊಂತೆ ಮುಖಕ್ಕೆ ಬಿದ್ದರೆ ಉಸಿರುಗಟ್ಟುತ್ತದೆ.

ಸಾವು ಕಂಡ ಮನೆಗೆ

ಇಲ್ಲಿ ಹೊಲಿಗೆಗಿಂತ ಕೇಳುವ ರೀತಿ ಮುಖ್ಯ. ಸಾಲದ ಬಾಧೆಗೆ ಯಜಮಾನ ಪ್ರಾಣ ಕಳೆದುಕೊಂಡ ಮನೆಗೆ ಹದಿಮೂರು ದಿನ ಜನ ಬರುತ್ತಾರೆ. ಆಮೇಲೆ ಏನು ಮಾತಾಡುವುದೆಂದು ತೋಚದೆ ನೆರೆಹೊರೆಯವರೂ ದೂರ ಉಳಿಯುತ್ತಾರೆ. ಹೋಗಲು ಒಂದು ಕೆಲಸ ಇರುವುದೇ ಆಗ ದೊಡ್ಡ ಅನುಕೂಲ. ಹೋದವರು ಅಗಲಿದವರ ಪಂಚೆ, ಅಂಗಿಗಳನ್ನು ತಾವಾಗಿ ಎತ್ತಿಕೊಳ್ಳಬಾರದು. ಕೆಲವರಿಗೆ ಆ ಬಟ್ಟೆ ಹೊದ್ದರೆ ನೆಮ್ಮದಿ, ಕೆಲವರು ಅದನ್ನು ನೋಡಲಾರರು, ಇನ್ನು ಕೆಲವು ಮನೆಗಳಲ್ಲಿ ಅದು ಮೈಲಿಗೆ. "ಅಕ್ಕಾ, ಅಣ್ಣನ ಪಂಚೆ ಒಂದನ್ನು ಸೇರಿಸಿ ಹೊಲಿಯೋಣವಾ, ಬೇಡವಾ?" ಎಂದು ಒಮ್ಮೆ ಕೇಳಿ ಸುಮ್ಮನಾಗಬೇಕು. ಆಕೆ ಬೇಡವೆಂದರೆ ಬೇಡ. ತಾನೂ ಹೊಲಿಯುತ್ತೇನೆಂದು ಬಂದು ಕುಳಿತರೆ ಸೂಜಿ ಕೊಟ್ಟು ಜಾಗ ಬಿಡಬೇಕು. ಬೊಂತೆ ಬೇಗ ಮುಗಿಯಲೇಬೇಕೆಂಬ ಆತುರ ಇಂಥ ಕಡೆ ಬೇಕಿಲ್ಲ. ವಾರಕ್ಕೊಂದು ಮಧ್ಯಾಹ್ನದಂತೆ ಎರಡು ತಿಂಗಳು ಹಿಡಿದರೂ ಚಿಂತೆಯಿಲ್ಲ. ಆ ಹೊತ್ತಿನಲ್ಲೇ ಪರಿಹಾರದ ಅರ್ಜಿ, ವಿಧವಾ ವೇತನ, ಮಕ್ಕಳ ಶಾಲೆಯ ವಿಷಯಗಳೂ ಮಾತಿಗೆ ಬರುತ್ತವೆ. ರಾತ್ರಿ ನಿದ್ದೆ ಇಲ್ಲ, ಬದುಕು ಬೇಡ ಎಂಬ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳದೆ, ಆಕೆಯನ್ನು ಒಬ್ಬಳನ್ನೇ ಬಿಡದೆ, ಅಂದೇ ಸರ್ಕಾರಿ ಆಸ್ಪತ್ರೆಯ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಬೊಂತೆ ಕೊಡುವಾಗ ಅದರದೇ ಬಟ್ಟೆಯ ಎರಡು ತುಂಡು, ಒಂದು ಉಂಡೆ ದಾರವನ್ನು ಜೊತೆಗೆ ಇಟ್ಟರೆ ಹರಿದಲ್ಲಿ ತೇಪೆ ಹಾಕಿಕೊಳ್ಳಲು ಒದಗುತ್ತದೆ. ಒಗೆದ ಬೊಂತೆಯನ್ನು ಹುಲ್ಲಿನ ಬಣವೆಯ ಮೇಲೂ ಬೇಲಿಯ ಮೇಲೂ ಹರಡಬಾರದು. ಹುಲ್ಲಿನ ಸುಂಕು ನವೆ ತರುತ್ತದೆ, ಬೇಲಿಯಲ್ಲಿ ಕಂಬಳಿಹುಳು ಇರುತ್ತದೆ. ಎರಡು ಹಗ್ಗ ಕಟ್ಟಿ, ಬೊಂತೆ ಎರಡರ ಮೇಲೂ ಹರಡಿಕೊಳ್ಳುವಂತೆ ಹಾಕಿ, ಮಧ್ಯಾಹ್ನ ಒಮ್ಮೆ ಮಗುಚಿದರೆ ಸಂಜೆಯೊಳಗೆ ನಡುವಿನ ಪದರವೂ ಒಣಗುತ್ತದೆ.